ಖಾಲಿ ಕಾಡತೂಸು ಮತ್ತೆ ತುಂಬುವ ‘ನೆಕ್ ಡೈ’ ವಿಡಿಯೊ: ಅದರಲ್ಲಿ ನಿಜ ಎಷ್ಟು, ಅಪಾಯ ಎಷ್ಟು?

ಈ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ವಿದೇಶದ ಒಬ್ಬ ಮನುಷ್ಯ ತನ್ನ ಗ್ಯಾರೇಜಿನಲ್ಲಿ ಕೂತು ಶ್ಯಾವಿಗೆ ಒತ್ತಿನಂಥ ಒಂದು ಯಂತ್ರದ ಹಿಡಿಕೆ ಎಳೆಯುತ್ತಾನೆ. ಹೊಡೆದು ಖಾಲಿಯಾದ ಕಾಡತೂಸು ಕೆಳಗಿನಿಂದ ಒಳಗೆ ಹೋಗಿ, ಹೊಳೆಯುತ್ತ ಹೊರಗೆ ಬರುತ್ತದೆ. ವಿಡಿಯೊ ಜೊತೆ ಬರುವ ಬರಹದ ಸಾರಾಂಶ ಇಷ್ಟು: ಇದು ‘ನೆಕ್ ಸೈಜಿಂಗ್ ಡೈ’, ಇದೊಂದಿದ್ದರೆ ಒಂದೇ ಕಾಡತೂಸನ್ನು ಎಷ್ಟು ಸಲ ಬೇಕಾದರೂ ಬಳಸಬಹುದು, ಗುರಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಕೊಲ್ಹಾಪುರದ ಒಲಿಂಪಿಕ್ ಶೂಟರ್‌ಗಳು ಗೆದ್ದದ್ದೂ ಇದರಿಂದಲೇ, ಯಾವುದೇ ಲೇಥ್ ಅಂಗಡಿಯಲ್ಲಿ ಇದನ್ನು ಮಾಡಿಸಬಹುದು.

ಇದನ್ನು ನಮಗೆ ಕಳಿಸಿದವರು ನಿಪ್ಪಾಣಿ ಕಡೆಯ ಒಬ್ಬ ಟರ್ನರ್. ಸಕ್ಕರೆ ಕಾರ್ಖಾನೆಯ ಬುಷ್, ಪಂಪ್‌ಸೆಟ್ಟಿನ ಶಾಫ್ಟ್ ಮಾಡುವವರು. ಗಿರಾಕಿಯೊಬ್ಬರು ಫೋನಿನಲ್ಲಿ ಒಂದು ಡ್ರಾಯಿಂಗ್ ತೋರಿಸಿ ‘ಇಂಥದ್ದೊಂದು ಡೈ ಆಗುತ್ತದಾ’ ಎಂದು ಕೇಳಿದರಂತೆ. ಆಗುತ್ತದೆ, ಆದರೆ ಮಾಡಿಕೊಡಬಹುದೇ ಎಂಬುದು ಅವರ ಪ್ರಶ್ನೆ.

ಮಾಡಿಕೊಡಬೇಡಿ ಎಂಬುದು ನಮ್ಮ ಉತ್ತರ. ಕಾರಣ ಬರೀ ಕಾನೂನಲ್ಲ. ಫಾರ್ವರ್ಡಿನಲ್ಲಿರುವ ಅರ್ಧ ಮಾತು ವಿಜ್ಞಾನಕ್ಕೂ ಹೊಂದುವುದಿಲ್ಲ. ಹಾಗಂತ ಉಳಿದರ್ಧ ಸುಳ್ಳಲ್ಲ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

ಡೈ ಮಾಡುವ ಕೆಲಸವಾದರೂ ಏನು?

ರೈಫಲ್ಲಿನ ತೋಟಾದಲ್ಲಿ ನಾಲ್ಕು ಭಾಗಗಳಿವೆ. ತುದಿಯಲ್ಲಿ ಗುಂಡು, ಒಳಗೆ ಮದ್ದು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಈ ಮೂರನ್ನೂ ಹಿಡಿದಿಡುವ ಹಿತ್ತಾಳೆಯ ಕವಚ. ಕವಚಕ್ಕೆ ಇಂಗ್ಲಿಷಿನಲ್ಲಿ ‘ಕೇಸ್’ ಅನ್ನುತ್ತಾರೆ. ಮುಂದೆ ಪೊಲೀಸ್ ಕೇಸಿನ ಮಾತೂ ಬರುವುದರಿಂದ ಗೊಂದಲ ಬೇಡ, ಇದನ್ನು ನಾವು ಚಿಪ್ಪು ಎಂದೇ ಕರೆಯೋಣ. ಹೊಡೆದಾಗ ಗುಂಡು ಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಪ್ರೈಮರ್ ಸತ್ತುಹೋಗುತ್ತದೆ. ಉಳಿಯುವುದು ಚಿಪ್ಪು ಮಾತ್ರ.

ಮದ್ದು ಉರಿಯುವಾಗ ಒಳಗೆ ಹುಟ್ಟುವ ಒತ್ತಡ ಎಷ್ಟೆಂದು ಅಂದಾಜಿರಲಿ. ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡ್. ಬೇಟೆ ಮತ್ತು ಸ್ಪರ್ಧೆ ಎರಡಕ್ಕೂ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಹಾಕಿರುವ ಗರಿಷ್ಠ ಮಿತಿ 62,000 ಪೌಂಡ್. ಅಂದರೆ ಕುಕ್ಕರಿನ ನಾಲ್ಕು ಸಾವಿರ ಪಟ್ಟು. ಅದೂ ಹೊಡೆಯುವವರ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಈ ಒತ್ತಡಕ್ಕೆ ಚಿಪ್ಪು ಉಬ್ಬಿ ನಳಿಗೆಯ ಹಿಂಭಾಗದ ಗೂಡಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುವುದು ಈ ಉಬ್ಬುವಿಕೆಯೇ. ಒತ್ತಡ ಇಳಿದ ಮೇಲೆ ಹಿತ್ತಾಳೆ ಸ್ಪ್ರಿಂಗಿನಂತೆ ಸ್ವಲ್ಪ ಹಿಂದಕ್ಕೆ ಬರುತ್ತದೆ, ಆದ್ದರಿಂದ ಚಿಪ್ಪು ಸಲೀಸಾಗಿ ಹೊರಬೀಳುತ್ತದೆ. ಪೂರ್ತಿ ಹಳೆಯ ಅಳತೆಗೆ ಮಾತ್ರ ಬರುವುದಿಲ್ಲ. ಚಿಪ್ಪಿನ ಕತ್ತು, ಅಂದರೆ ಗುಂಡನ್ನು ಹಿಡಿದುಕೊಳ್ಳುವ ಬಾಯಿ, ದೊಡ್ಡದಾಗಿಯೇ ಉಳಿಯುತ್ತದೆ. ಹೊಸ ಗುಂಡು ಇಟ್ಟರೆ ಸಡಿಲ ಬಿರಡೆಯಂತೆ ಒಳಗೆ ಜಾರಿಬಿಡುತ್ತದೆ.

ಆ ಕತ್ತನ್ನು ಮತ್ತೆ ಹಿಸುಕಿ ಬಿಗಿ ಮಾಡುವ ಗಟ್ಟಿ ಉಕ್ಕಿನ ಅಚ್ಚೇ ನೆಕ್ ಸೈಜಿಂಗ್ ಡೈ. ಅದರ ಕೆಲಸ ಇಷ್ಟೇ. ಮದ್ದು ತುಂಬುವುದೂ ಅಲ್ಲ, ಗುರಿ ಇಡುವುದೂ ಅಲ್ಲ. ಕತ್ತಿನ ಒಳ ಅಳತೆ ಗುಂಡಿಗಿಂತ ಎಷ್ಟು ಕಡಿಮೆ ಇರಬೇಕು? ಲೇಥ್ ಕೆಲಸದವರ ಮಾತಿನಲ್ಲಿ ಹೇಳುವುದಾದರೆ ಒಂದರಿಂದ ಮೂರು ‘ಥೌ’, ಅಂದರೆ ಇಂಚಿನ ಸಾವಿರದ ಒಂದರಿಂದ ಮೂರು ಪಾಲು. ಮಿಲಿಮೀಟರಿನಲ್ಲಿ 0.025ರಿಂದ 0.075. ತಲೆಗೂದಲಿನ ದಪ್ಪವೇ ಸುಮಾರು 0.07 ಮಿ.ಮೀ. ಎಂದರೆ ಈ ಬಿಗಿ ಎಷ್ಟು ಸೂಕ್ಷ್ಮ ಎಂದು ತಿಳಿಯುತ್ತದೆ.

ಯಾವ ಡೈ ಒಳ್ಳೆಯದು ಎಂಬ ವಾದ

ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳಲು ಅನುಮತಿ ಇರುವ ದೇಶಗಳಲ್ಲಿ ಇದೊಂದು ದೊಡ್ಡ ಹವ್ಯಾಸ, ಅಷ್ಟೇ ದೊಡ್ಡ ವಾದವೂ ಹೌದು. ಕತ್ತನ್ನು ಮಾತ್ರ ಹಿಸುಕುವ ಡೈ ಒಂದು ಬಗೆ. ಇಡೀ ಚಿಪ್ಪನ್ನೇ ಕಾರ್ಖಾನೆಯ ಅಳತೆಗೆ ತರುವ ‘ಫುಲ್ ಲೆಂತ್’ ಡೈ ಇನ್ನೊಂದು. ಕತ್ತಿನ ಬಿಗಿಯನ್ನು ಬೇಕಾದಂತೆ ಬದಲಿಸಲು ಒಂದೊಂದು ಥೌ ವ್ಯತ್ಯಾಸದ ಉಂಗುರಗಳನ್ನು ಹಾಕಿ ತೆಗೆಯಬಹುದಾದ ‘ಬುಷಿಂಗ್’ ಡೈ ಮೂರನೆಯದು. ಒಳಗೊಂದು ಕಂಬಿ ಇಟ್ಟು ಹೊರಗಿನಿಂದ ಬೆರಳುಗಳಂತೆ ಒತ್ತುವ ‘ಕಾಲೆಟ್’ ಡೈ ಕೂಡ ಇದೆ. ಡ್ರಿಲ್ ಚಕ್ಕಿನಲ್ಲಿ ಬಿಟ್ ಹಿಡಿಯುತ್ತದಲ್ಲ, ಆ ತರಹ.

ಕತ್ತನ್ನು ಮಾತ್ರ ಒತ್ತುವುದರ ಪರವಾಗಿ ಹೇಳುವ ಮಾತಿನಲ್ಲಿ ಹುರುಳಿದೆ. ಒಂದು ಸಲ ಹೊಡೆದ ಚಿಪ್ಪಿನ ಹೊಟ್ಟೆ ಆ ರೈಫಲ್ಲಿನ ಗೂಡಿನ ಆಕಾರವನ್ನೇ ಪಡೆದಿರುತ್ತದೆ, ದರ್ಜಿ ಅಳತೆ ತೆಗೆದು ಹೊಲಿದ ಅಂಗಿಯಂತೆ. ಹೊಟ್ಟೆಯನ್ನು ಮುಟ್ಟದೆ ಬಿಟ್ಟರೆ ಮುಂದಿನ ಸಲ ಅದು ನಟ್ಟನಡುವೆ ಕೂರುತ್ತದೆ. ಪ್ರತಿ ಸಲ ಉಬ್ಬಿಸಿ ಕುಗ್ಗಿಸುವ ಕೆಲಸ ಕಡಿಮೆಯಾಗುವುದರಿಂದ ಹಿತ್ತಾಳೆಯೂ ಒಂದಿಷ್ಟು ಹೆಚ್ಚು ಬಾಳುತ್ತದೆ.

ಫಾರ್ವರ್ಡ್ ಹೇಳದ ಮಾತು ಇದರ ಮುಂದಿದೆ. ಆ ಚಿಪ್ಪು ಅದೇ ರೈಫಲ್ಲಿಗೆ ಮಾತ್ರ ಸರಿಹೋಗುತ್ತದೆ, ಪಕ್ಕದವರ ಅದೇ ಮಾದರಿಯ ರೈಫಲ್ಲಿಗೂ ಸೇರದೇ ಇರಬಹುದು. ನಾಲ್ಕಾರು ಸಲ ಹೊಡೆದ ಮೇಲೆ ಹೊಟ್ಟೆಯೂ ಗೂಡಿಗೆ ಬಿಗಿಯಾಗುತ್ತ ಹೋಗಿ ಬೋಲ್ಟ್ ಮುಚ್ಚುವುದೇ ಕಷ್ಟವಾಗುತ್ತದೆ. ಆಗ ಹೇಗೂ ಫುಲ್ ಲೆಂತ್ ಡೈಗೇ ಹೋಗಬೇಕು. ಹೀಗಾಗಿ ದೂರದ ಗುರಿಯ ಸ್ಪರ್ಧೆಗಳಲ್ಲಿ ಹೆಸರು ಮಾಡಿದ ಬಹಳ ಜನ ಈಗ ಬರೀ ನೆಕ್ ಡೈ ಬಿಟ್ಟಿದ್ದಾರೆ. ಇಡೀ ಚಿಪ್ಪನ್ನು ಅತಿ ಕಡಿಮೆ, ಭುಜದ ಭಾಗವನ್ನು ಒಂದೆರಡು ಥೌ ಮಾತ್ರ ಹಿಂದಕ್ಕೆ ತಳ್ಳುವಷ್ಟು ಒತ್ತುವ ದಾರಿ ಹಿಡಿದಿದ್ದಾರೆ. ಅಂದರೆ ಫಾರ್ವರ್ಡಿನಲ್ಲಿ ಹೊಗಳಿರುವ ಸಾಧನವನ್ನು ಅದರ ತವರಿನಲ್ಲೇ ಅನೇಕರು ಮೂಲೆಗಿಟ್ಟಿದ್ದಾರೆ.

ಇನ್ನು ‘ಕೂದಲೆಳೆಯಷ್ಟೂ ತಪ್ಪದ ಗುರಿ’. ಕತ್ತಿನ ಬಿಗಿ ಒಂದೊಂದು ತೋಟಾದಲ್ಲಿ ಒಂದೊಂದು ತರಹ ಇದ್ದರೆ ಗುಂಡು ಹೊರಡುವ ವೇಗದಲ್ಲಿ ಸ್ವಲ್ಪ ಏರುಪೇರಾಗುತ್ತದೆ. ವೇಗ ನೂರಕ್ಕೆ ಒಂದರಷ್ಟು ಬದಲಾಯಿತು ಎಂದಿಟ್ಟುಕೊಳ್ಳಿ. 100 ಮೀಟರಿನಲ್ಲಿ ಗುಂಡು ಬೀಳುವ ಜಾಗ ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಆಗುತ್ತದೆ, ಅಷ್ಟೆ. 900 ಮೀಟರಿನಲ್ಲಿ ಅದೇ ವ್ಯತ್ಯಾಸ ಹೆಚ್ಚುಕಡಿಮೆ ಒಂದು ಗೇಣಾಗುತ್ತದೆ. ಆದ್ದರಿಂದ ಡೈ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹುದೂರದ ಗುರಿಯ ಸ್ಪರ್ಧಿಗಳು. ಅಷ್ಟು ದೂರಕ್ಕೆ ಹೋದರೂ ಗಾಳಿಯ ಅಂದಾಜು ತಪ್ಪಿದರೆ ಯಾವ ಡೈಯೂ ಉಳಿಸುವುದಿಲ್ಲ.

ಹಿತ್ತಾಳೆ ದಣಿಯುತ್ತದೆ

‘ಎಷ್ಟು ಸಲ ಬೇಕಾದರೂ’ ಎಂಬುದು ಫಾರ್ವರ್ಡಿನ ಅತಿ ಅಪಾಯದ ಮಾತು. ಚಿಪ್ಪಿನ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ಹಿತ್ತಾಳೆ ಹಂಡೆ ಬಡಿಯುವ ಕಂಚಗಾರರನ್ನು ಕೇಳಿ ನೋಡಿ. ತಣ್ಣಗಿರುವಾಗ ಬಡಿಯುತ್ತಲೇ ಹೋದರೆ ಹಿತ್ತಾಳೆ ಗಡುಸಾಗುತ್ತದೆ, ಮುಂದೆ ಸೀಳುತ್ತದೆ. ಅದಕ್ಕೇ ಅವರು ನಡುನಡುವೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳುತ್ತಾರೆ. ಬೇಲಿಯ ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವುದೂ ಇದೇ ಗುಣದಿಂದ. ಡೈಯಲ್ಲಿ ಹಿಸುಕುವುದು, ಹೊಡೆದಾಗ ಉಬ್ಬುವುದು, ಮತ್ತೆ ಹಿಸುಕುವುದು: ಚಿಪ್ಪಿನ ಕತ್ತಿಗೆ ಇವೆಲ್ಲ ಸುತ್ತಿಗೆಯ ಏಟುಗಳೇ. ಕತ್ತು ಸೀಳಿದರೆ ತೋಟಾ ಹಾಳಾಯಿತು, ಅಷ್ಟಕ್ಕೆ ಮುಗಿಯಿತು. ಹಿಗ್ಗಿ ಹಿಗ್ಗಿ ಬುಡದ ಹತ್ತಿರ ತೆಳುವಾದ ಚಿಪ್ಪು ಅಲ್ಲೇ ಹರಿದರೆ ನಾವು ಮೇಲೆ ಲೆಕ್ಕ ಹಾಕಿದ ಒತ್ತಡ ಹಿಂದಕ್ಕೆ, ಮುಖದ ಕಡೆ ನುಗ್ಗುತ್ತದೆ.

ಈ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಹಳೆಯ ಕಥೆಯಿದೆ, ಲೋಹಶಾಸ್ತ್ರದ ಪಾಠಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಭಾರತದಲ್ಲಿ ಮಳೆಗಾಲ ಬಂದರೆ ಸಾಕು, ಯಾರೂ ಮುಟ್ಟದೆ, ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಋತು ನೋಡಿಕೊಂಡು ಬರುವ ರೋಗ ಎಂದು ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದೇ ಹೆಸರಾಯಿತು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರ ಅಧ್ಯಯನದಿಂದ. ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ ತೇವದ ಗಾಳಿಯಲ್ಲಿ ಸೇರಿ, ಹಿಸುಕಿ ಬಿಗಿ ಮಾಡಿದ ಹಿತ್ತಾಳೆಯ ಒಳಗೆ ಉಳಿದಿದ್ದ ಸೆಳೆತದ ಜಾಗಗಳನ್ನೇ ಹುಡುಕಿ ಸೀಳುತ್ತಿತ್ತು. ಕತ್ತಿನ ಭಾಗದಲ್ಲೇ ಹೆಚ್ಚು. ಕಾಯಿಸಿ ಆ ಸೆಳೆತವನ್ನು ಕಳೆಯುವುದೇ ಅದಕ್ಕೆ ಪರಿಹಾರವಾಯಿತು.

ರಾಯಬಾಗ, ಅಥಣಿ ಕಡೆಯ ಓದುಗರು ಇದನ್ನು ತಮ್ಮ ಮನೆಗೆ ಹೊಂದಿಸಿ ನೋಡಬಹುದು. ದನದ ಕೊಟ್ಟಿಗೆಯ ಗಂಜಲದಿಂದ ಏಳುವ, ಮೂಗು ಉರಿಸುವ ವಾಸನೆಯೂ ಅಮೋನಿಯವೇ. ಕೊಟ್ಟಿಗೆಗೆ ಹೊಂದಿಕೊಂಡ ಕೋಣೆಯ ಟ್ರಂಕಿನಲ್ಲಿ ಅಜ್ಜನ ಕಾಲದ ತೋಟಾ ಇದ್ದರೆ, ಮೇಲೆ ಹೊಳೆಯುತ್ತಿದೆ ಎಂಬ ಕಾರಣಕ್ಕೆ ಗಟ್ಟಿಯಾಗಿದೆ ಎಂದುಕೊಳ್ಳಬಾರದು.

ಕೊಲ್ಹಾಪುರದ ಶೂಟರ್‌ಗಳ ಹೆಸರು ಯಾಕೆ ಬಂತು?

ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್. ಚಿಕ್ಕೋಡಿ, ಕಾಗವಾಡದವರಿಗೂ ಅದು ಹೋಗಿ ಬರುವ ಊರು. ಹಾಗಾಗಿ ಅಲ್ಲಿಯವರ ಗೆಲುವು ಈ ಕಡೆಯ ಗ್ರೂಪುಗಳಲ್ಲೂ ಹಬ್ಬವಾಗುತ್ತದೆ. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್ ವಿಭಾಗದ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು.

ಇವರಿಬ್ಬರೂ ನೆಕ್ ಡೈ ಬಳಸಿ ಗೆದ್ದರು ಎಂಬುದು ಸುಳ್ಳು. ಸುಳ್ಳು ಎಂದು ಇಷ್ಟು ಖಚಿತವಾಗಿ ಹೇಳಲು ಅವರನ್ನು ಹೋಗಿ ಕೇಳಬೇಕಾಗಿಲ್ಲ. 50 ಮೀಟರ್ ಸ್ಪರ್ಧೆಯಲ್ಲಿ ಬಳಸುವುದು .22 ಲಾಂಗ್ ರೈಫಲ್ ಎಂಬ ಪುಟ್ಟ ತೋಟಾ. ಅದು ‘ರಿಮ್‌ಫೈರ್’ ಜಾತಿಯದು. ಕಿಡಿ ಹೊತ್ತಿಸುವ ಮಿಶ್ರಣ ಅದರಲ್ಲಿ ಬೇರೆ ಪ್ರೈಮರ್ ಆಗಿರುವುದಿಲ್ಲ, ಚಿಪ್ಪಿನ ಬುಡದ ಅಂಚನ್ನು ಮಡಚಿ ಆ ಮಡಿಕೆಯೊಳಗೇ ತುಂಬಿರುತ್ತಾರೆ. ಪಿನ್ ಹೊಡೆದಾಗ ಅಂಚು ಜಜ್ಜಿಹೋಗುತ್ತದೆ. ಕಡ್ಡಿಪೆಟ್ಟಿಗೆಯ ಗೀರಿದ ಕಡ್ಡಿಯಂತೆ ಅದರ ಆಯುಸ್ಸು ಒಂದೇ ಸಲಕ್ಕೆ ಮುಗಿಯಿತು. ಮತ್ತೆ ತುಂಬುವ ತೋಟಾವೇ ಅದಲ್ಲ.

ಹಾಗಾದರೆ ಅವರ ನಿಖರತೆ ಎಲ್ಲಿಂದ ಬರುತ್ತದೆ? 50 ಮೀಟರ್ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿ.ಮೀ., ಒಂದು ಶರ್ಟ್ ಗುಂಡಿಯಷ್ಟು. ಅಷ್ಟಕ್ಕೆ ಹೊಡೆಯುವವರು ತೋಟಾವನ್ನು ತುಂಬಿಕೊಳ್ಳುವುದಿಲ್ಲ, ಆರಿಸಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಒಂದೇ ಸಾಲಿನಲ್ಲಿ ತಯಾರಾದರೂ ಒಂದೊಂದು ಕಂತಿನ ತೋಟಾ ಒಂದೊಂದು ನಳಿಗೆಗೆ ಒಗ್ಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಇಲಿ, ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಾಪುವಾ ಕೇಂದ್ರ ಇಂಥ ಜಾಗಗಳಲ್ಲಿ ಶೂಟರ್‌ಗಳು ತಮ್ಮ ರೈಫಲ್ ಒಯ್ದು, ಅದನ್ನು ಹಿಡಿಕೆಯಲ್ಲಿ ಬಿಗಿದು, ಬೇರೆ ಬೇರೆ ಕಂತುಗಳನ್ನು ಹೊಡೆದು ನೋಡಿ, ಒಗ್ಗಿದ ಕಂತನ್ನೇ ಕೊಳ್ಳುತ್ತಾರೆ. ಬೀಜ ಕೊಳ್ಳುವ ಮೊದಲು ಚೀಲದ ಲಾಟ್ ನಂಬರ್ ನೋಡುವ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಉಳಿದದ್ದು ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಮಾಡಿದ ಅಭ್ಯಾಸ.

ಮಕ್ಕಳು ಕಲಿಯಲು ಶುರು ಮಾಡುವ 10 ಮೀಟರ್ ಏರ್ ರೈಫಲ್‌ನಲ್ಲಂತೂ ಮದ್ದೂ ಇಲ್ಲ, ಚಿಪ್ಪೂ ಇಲ್ಲ. ಗಾಳಿಯ ಒತ್ತಡಕ್ಕೆ ಒಂದು ಸಣ್ಣ ಪೆಲೆಟ್ ಹಾರುತ್ತದೆ, ಅಷ್ಟೇ. ಅಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್.

ಕಾನೂನು ಏನು ಹೇಳುತ್ತದೆ?

‘ನನ್ನ ಬಂದೂಕಿಗೆ ಲೈಸೆನ್ಸ್ ಇದೆ, ನನ್ನ ತೋಟಾ ನಾನು ತುಂಬಿಕೊಂಡರೆ ಯಾರಿಗೇನು’ ಎಂಬ ವಾದ ಈ ಫಾರ್ವರ್ಡಿನ ಕೆಳಗೆ ಯಾವಾಗಲೂ ಇರುತ್ತದೆ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ತೋಟಾ ತಯಾರಿಸುವ ಪರವಾನಗಿ ಬೇರೆ. 1959ರ ಆಯುಧ ಕಾಯ್ದೆಯ 3ನೇ ಕಲಂ ಮೊದಲನೆಯದನ್ನು ಹೇಳಿದರೆ 5ನೇ ಕಲಂ ಎರಡನೆಯದನ್ನು ಹೇಳುತ್ತದೆ. ಖಾಲಿ ಚಿಪ್ಪಿಗೆ ಹೊಸ ಪ್ರೈಮರ್, ಮದ್ದು, ಗುಂಡು ಸೇರಿಸಿದರೆ ಹುಟ್ಟುವುದು ಹೊಡೆಯಬಲ್ಲ ಹೊಸ ತೋಟಾ. ಮದ್ದಿಗೆ ಇದರ ಮೇಲೆ ಸ್ಫೋಟಕಗಳ ಕಾಯ್ದೆಯೂ ಇದೆ.

ಟರ್ನರ್ ಗೆಳೆಯರು ಗಮನಿಸಬೇಕಾದ ಸಾಲು ಅದೇ ಕಾಯ್ದೆಯ 2ನೇ ಕಲಮಿನಲ್ಲಿದೆ. ‘ಮದ್ದುಗುಂಡು’ ಎಂದರೆ ಏನೇನು ಎಂದು ಪಟ್ಟಿ ಕೊಡುವಾಗ ಅದು ತುಂಬಿದ ತೋಟಾಕ್ಕೆ ನಿಲ್ಲುವುದಿಲ್ಲ. ಮದ್ದುಗುಂಡಿನ ಬಿಡಿಭಾಗಗಳನ್ನೂ, ಮದ್ದುಗುಂಡು ತಯಾರಿಸುವ ಯಂತ್ರಸಾಮಗ್ರಿಯನ್ನೂ ಒಳಗೆ ಸೇರಿಸುತ್ತದೆ. ಹಾಗಾಗಿ ‘ನಾನು ಬರೀ ಉಕ್ಕಿನ ಒಂದು ತುಂಡು ತಿರುವಿಕೊಟ್ಟೆ’ ಎಂಬ ಉತ್ತರ ಪೊಲೀಸರ ಮುಂದೆ ನಿಲ್ಲುವುದು ಕಷ್ಟ.

ಶಿಕ್ಷೆ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ, ಪರವಾನಗಿ ಇಲ್ಲದೆ ಆಯುಧ ಅಥವಾ ಮದ್ದುಗುಂಡು ತಯಾರಿಸಿದರೆ, ಮಾರಿದರೆ, ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ. ಮೊದಲು ಕನಿಷ್ಠ 3 ವರ್ಷ ಇತ್ತು. ಅಮೆರಿಕದ ವಿಡಿಯೊದಲ್ಲಿರುವ ಮನುಷ್ಯ ಮಾಡುತ್ತಿರುವುದು ಅವನ ಊರಿನಲ್ಲಿ ಭಾನುವಾರದ ಹವ್ಯಾಸ. ಅದೇ ಕೆಲಸ ಗಡಿಭಾಗದ ಒಂದು ಶೆಡ್ಡಿನಲ್ಲಿ ನಡೆದರೆ ಅದಕ್ಕೆ ಬರುವ ಹೆಸರೇ ಬೇರೆ. ಫಾರ್ವರ್ಡ್ ಮಾಡುವವರು ಈ ವ್ಯತ್ಯಾಸವನ್ನು ಯಾಕೆ ಬಿಟ್ಟುಬಿಡುತ್ತಾರೋ, ನಮಗೆ ಬೇಸರ ಅದರದ್ದೇ.

ಹೊಲ ಕಾಯುವ ಬಂದೂಕಿಗೆ ಈ ಡೈ ಬೇಕೇ?

ಕಬ್ಬು, ಗೋವಿನಜೋಳ ಕಾಯಲು ಪರವಾನಗಿ ಬಂದೂಕು ಇಟ್ಟುಕೊಂಡವರು ಈ ವಿಡಿಯೊ ನೋಡಿ ಕುತೂಹಲಪಟ್ಟಿದ್ದರೆ ಅಚ್ಚರಿಯಿಲ್ಲ. ಆದರೆ ಬೆಳೆ ರಕ್ಷಣೆಗೆಂದು ಕಾಯ್ದೆ ಹೆಸರಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದರಲ್ಲಿ ಹಿತ್ತಾಳೆ ಚಿಪ್ಪೇ ಇಲ್ಲ, ಕತ್ತೂ ಇಲ್ಲ. 12 ಬೋರ್ ಬಂದೂಕಿನ ತೋಟಾ ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ನೆಟ್ಟಗಿನ ಕೊಳವೆ. ಅದಕ್ಕೂ ನೆಕ್ ಡೈಗೂ ಸಂಬಂಧವಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಪಟಾಕಿ ಮದ್ದು, ನಾಡ ಬಂದೂಕಿನ ಕರಿ ಮದ್ದು, ಇಂದಿನ ತೋಟಾದ ಹೊಗೆರಹಿತ ಮದ್ದು ಮೂರೂ ನೋಡಲು ಪುಡಿಯೇ ಆದರೂ ಉರಿಯುವ ರೀತಿ ಪೂರ್ತಿ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ನಳಿಗೆಯೇ ಸಿಡಿಯಬಹುದು. ಎಡಗೈ ಇರುವುದು ನಳಿಗೆಯ ಕೆಳಗೆ ಎಂಬುದು ಬಂದೂಕು ಹಿಡಿದವರಿಗೆ ಗೊತ್ತು.

ಟ್ರಂಕಿನಲ್ಲಿ ಹಳೆಯ ತೋಟಾ ಸಿಕ್ಕಿತು, ಬಂದೂಕಿನ ಲೈಸೆನ್ಸ್ ಹೊಂದಿದ್ದ ಹಿರಿಯರು ತೀರಿಕೊಂಡಿದ್ದಾರೆ, ಏನು ಮಾಡುವುದು? ಬಿಚ್ಚಬೇಡಿ, ಒಲೆಗೋ ಬಾವಿಗೋ ಹಾಕಬೇಡಿ, ಗುಜರಿಗೆ ಕೊಡಬೇಡಿ. ಇಟ್ಟುಕೊಳ್ಳುವ ಹಕ್ಕು ಮುಗಿದ ಆಯುಧ, ಮದ್ದುಗುಂಡನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಮಾರಾಟಗಾರರಲ್ಲಿ ಒಪ್ಪಿಸಬೇಕೆಂದು ಕಾಯ್ದೆಯ 21ನೇ ಕಲಂ ಹೇಳುತ್ತದೆ. ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಯ್ಯಿರಿ. ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಇಟ್ಟುಕೊಳ್ಳಿ.

ಟರ್ನರ್ ಅವರಿಗೆ ನಾವು ಬರೆದದ್ದೂ ಇಷ್ಟೇ: ಆ ಡ್ರಾಯಿಂಗಿನಲ್ಲಿ ಒಳಗಡೆ ಬಾಟಲಿಯಂತೆ ಮೇಲಕ್ಕೆ ಕಿರಿದಾಗುವ ರಂಧ್ರ ಇದ್ದು, ಅಳತೆಗಳು ಒಂದೆರಡು ಥೌ ಲೆಕ್ಕದಲ್ಲಿದ್ದರೆ, ಯಾವ ಯಂತ್ರಕ್ಕೆ ಎಂದು ಗಿರಾಕಿಯನ್ನು ಕೇಳಿ. ಉತ್ತರ ತಡವರಿಸಿದರೆ ಕೆಲಸ ಹಿಡಿಯಬೇಡಿ. ಎರಡು ದಿನದ ಮೇಲೆ ಅವರ ಮರುಉತ್ತರ ಬಂತು. ಯಂತ್ರ ಯಾವುದೆಂದು ಕೇಳಿದ್ದಕ್ಕೆ ಗಿರಾಕಿ ‘ಇರಲಿ ಬಿಡ್ರಿ, ನೋಡೂಣು’ ಎಂದು ಹೋದವರು ಮತ್ತೆ ಅಂಗಡಿಯ ಕಡೆ ಬಂದಿಲ್ಲವಂತೆ.